ಮೆಟ್ಟಿಲ ಬಳಿಯ ಮೂರು ಗಂಟು

"ಐದು ಮೈಲಿ! ಒಂದು ಹೆಜ್ಜೆ ಕಮ್ಮಿ ಇದ್ರೂ ನನ್ನ ಮೀಸೆ ಬೋಳಿಸಿಬಿಡಿ. ಬೆನ್ನ ಮೇಲೆ ಆಪರೇಟರ್ ಸಾರ್, ತಲೆ ಮೇಲೆ ಮಳೆ, ಕಾಲಡಿ ಮೊಣಕಾಲುದ್ದ ಕೆಸರು. ಅಷ್ಟರಲ್ಲಿ ಎದುರಿಗೆ ಕರಡಿ ಬಂತು ನೋಡಿ. 'ಅಣ್ಣಾ, ಇವತ್ತು ಪುರಸೊತ್ತಿಲ್ಲ, ನಾಳೆ ಬಾ' ಅಂದೆ. ಅದು ತಲೆ ಆಡಿಸಿ ದಾರಿ ಬಿಡ್ತು. ಬರೀ ದಾರಿ ಬಿಟ್ಟಿದ್ದಲ್ಲ ಸ್ವಾಮಿ, ಅಡ್ಡ ಬಿದ್ದಿದ್ದ ಕೊಂಬೆಯನ್ನೂ ಎತ್ತಿ ಪಕ್ಕಕ್ಕೆ ಇಟ್ಟಿತು!"

ಬಸ್ಸಿನಿಂದ ಇಳಿದು ನಿಂತಿದ್ದ ಮೂವತ್ತು ಮಂದಿಯೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಟಿಕೆಟ್ ಕಿಟಕಿಯೊಳಗಿನಿಂದ ಕಥೆ ಹೇಳುತ್ತಿದ್ದವನ ಹೆಂಡತಿ ತಲೆ ಹೊರಗೆ ಹಾಕಿದಳು.

"ರೀ, ಹೋದ ವಾರ ಕರಡಿ ಸುಮ್ನೆ ನೋಡ್ತಾ ನಿಂತಿತ್ತು. ಈ ವಾರ ಕೆಲಸಕ್ಕೂ ಸೇರ್ಕೊಂಡಿತಾ?"

"ನೀನು ಟಿಕೆಟ್ ಹರಿಯೇ. ಕರಡಿ ವಿಷಯ ನನಗೆ ಬಿಡು."

ಮತ್ತೆ ನಗು. ಆ ಕಾಡಿನಲ್ಲಿ ಎಲ್ಲರೂ ಅವನನ್ನು ಮೈಲಿ ಎಂದೇ ಕರೆಯುತ್ತಿದ್ದರು. ಅವನ ಬಾಯಿಗೆ ಬಿದ್ದ ಫರ್ಲಾಂಗು ಮೈಲಿಯಾಗಿಯೇ ಹೊರಗೆ ಬರುತ್ತಿತ್ತು; ಇಲಿ ಹೋದರೆ ಹುಲಿಯಾಗಿ ಬರುತ್ತಿತ್ತು. ಇಪ್ಪತ್ತಾರು ವರ್ಷಗಳಿಂದ ಆ ರಕ್ಷಿತಾರಣ್ಯದ ಕಾಲುದಾರಿಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಬಿದ್ದ ಮರ ಕಡಿಯುವುದು, ಕೊಚ್ಚಿಹೋದ ಜಲ್ಲಿ ತುಂಬುವುದು, ಕೊಳೆತ ಹಲಗೆ ಬದಲಿಸುವುದು. ಅವನನ್ನು ಕೇಳಿದರೆ ಮಾತ್ರ, ಅಲ್ಲಿಯ ಮರಗಳು ನೆಟ್ಟಗೆ ಬೆಳೆದಿರುವುದೇ ಅವನು ಬೈದದ್ದರಿಂದ.

ಗುಂಪಿನ ಹಿಂದೆ ನಿಂತಿದ್ದ ಹೆಂಗಸೊಬ್ಬಳು ನಗು ಮುಗಿಯುವವರೆಗೆ ಕಾದು ಕೇಳಿದಳು: "ಅಲ್ಲಾ, ಅವರು ಬಿದ್ದಿದ್ದು ಹೇಗೆ?"

"ಕಾಲು ಜಾರಿ" ಎಂದ ಮೈಲಿ.

ಎರಡೇ ಮಾತು. ಎರಡು ಮಾತಿನಲ್ಲಿ ಒಂದು ಕಥೆ ಮುಗಿಸಿದ್ದು ಅವನ ಜನ್ಮದಲ್ಲಿ ಅದೇ ಮೊದಲು. ಕಿಟಕಿಯಲ್ಲಿದ್ದ ತಲೆ ಇನ್ನೂ ಒಳಗೆ ಹೋಗಿರಲಿಲ್ಲ. ಅವನು ಆ ಕಡೆ ನೋಡದೆ, "ಬನ್ನಿ ಬನ್ನಿ, ಹೊತ್ತಾಯ್ತು" ಎಂದು ಜನರನ್ನು ದೊಡ್ಡ ದಾರಿಯ ಕಡೆಗೆ ನಡೆಸಿದ.

ಟಿಕೆಟ್ ಕೋಣೆಯ ಎಡಕ್ಕೆ ಇನ್ನೊಂದು ದಾರಿ ಹೊರಡುತ್ತಿತ್ತು. ಅದು ಹಗ್ಗದ ದಾರಿ, ಕಣ್ಣು ಕಾಣದವರಿಗಾಗಿ ಮಾಡಿದ್ದು. ಕಾಡಿನೊಳಗೆ ಬಳೆಯಂತೆ ಸುತ್ತಿ ಮತ್ತೆ ಕೋಣೆಯ ಹತ್ತಿರಕ್ಕೇ ಬಂದು ಮುಗಿಯುತ್ತಿತ್ತು. ಉದ್ದಕ್ಕೂ ಎಡಗಡೆ ಸೊಂಟದೆತ್ತರದ ಮರದ ಕಂಬಗಳು. ಕಂಬದಿಂದ ಕಂಬಕ್ಕೆ ಒಂದೊಂದು ತುಂಡು ಹಗ್ಗ. ಎಡಗೈಯನ್ನು ಹಗ್ಗದ ಮೇಲೆ ಆಡಿಸುತ್ತ ಹೋದರೆ ಹಗ್ಗವೇ ದಾರಿ ಹೇಳುತ್ತಿತ್ತು. ಒಂದು ಗಂಟು ಸಿಕ್ಕರೆ ಪಕ್ಕದಲ್ಲಿ ಬೆಂಚಿದೆ. ಎರಡು ಸಿಕ್ಕರೆ ಮುಂದೆ ತಿರುವು. ಮೂರು ಸಿಕ್ಕರೆ ನಿಲ್ಲು, ಮೆಟ್ಟಿಲಿದೆ. ಇಡೀ ದಾರಿಯಲ್ಲಿ ಮೂರು ಗಂಟು ಇದ್ದದ್ದು ಒಂದೇ ಕಡೆ: ತೊರೆಯ ಹತ್ತಿರ, ಮೂರು ಮೆಟ್ಟಿಲು ಇಳಿದು ಮರದ ಸೇತುವೆಗೆ ಹೋಗುವಲ್ಲಿ.

ಪ್ರತಿ ಗುರುವಾರ ಬೆಳಿಗ್ಗೆ ಹತ್ತು ಗಂಟೆಯ ಬಸ್ಸಿಗೆ ಆಪರೇಟರ್ ಬರುತ್ತಿದ್ದರು. ದೂರವಾಣಿ ಕೇಂದ್ರದಲ್ಲಿ ಮೂವತ್ತೆಂಟು ವರ್ಷ ಕರೆ ಜೋಡಿಸಿ ನಿವೃತ್ತರಾದವರು. ಹುಟ್ಟಾ ಕಣ್ಣಿಲ್ಲ. ಊರಿನ ನಾಲ್ಕು ಸಾವಿರ ನಂಬರು ತಲೆಯಲ್ಲಿತ್ತು ಎಂದು ಅವರೇ ಹೇಳುತ್ತಿದ್ದರು; ಮೈಲಿ ಅದನ್ನು ಹೊರಗಿನವರಿಗೆ ಹೇಳುವಾಗ ನಲವತ್ತು ಸಾವಿರ ಮಾಡುತ್ತಿದ್ದ. ಮೊದಲ ಕಂಬದ ಹತ್ತಿರ ಬಂದು, ಬಿಳಿ ಕೋಲನ್ನು ಮಡಚಿ ಕೋಟಿನ ಜೇಬಿಗೆ ಹಾಕಿ, ಹಗ್ಗ ಮುಟ್ಟಿ, "ಹಲೋ, ಲೈನ್ ಸಿಕ್ತು" ಎನ್ನುವರು. ಮುಕ್ಕಾಲು ಗಂಟೆಯ ನಂತರ ಇನ್ನೊಂದು ತುದಿಯಲ್ಲಿ ಹೊರಗೆ ಬಂದು, ಕೊನೆಯ ಕಂಬವನ್ನು ತಟ್ಟಿ, "ಸರಿ, ಇಡ್ತೀನಿ" ಎನ್ನುವರು. ನಡುವಿನ ಹೊತ್ತು ಅವರ ಸ್ವಂತದ್ದು. ಆರು ವರ್ಷಗಳಲ್ಲಿ ಒಮ್ಮೆಯೂ ಯಾರನ್ನೂ ಜೊತೆಗೆ ಕರೆದವರಲ್ಲ. "ನೋಡಿ ಮೈಲಿ, ಇಡೀ ಪ್ರಪಂಚದಲ್ಲಿ ನಾನು ಕೋಲಿಲ್ದೆ, ಯಾರ ತೋಳೂ ಹಿಡೀದೆ ನಡೆಯೋದು ಇದೊಂದೇ ಕಡೆ" ಎಂದು ಒಮ್ಮೆ ಹೇಳಿದ್ದರು.

ಆ ತಿಂಗಳ ಮೊದಲ ಮಂಗಳವಾರ ಗಾಳಿಮಳೆ ಹೊಡೆದು ತೊರೆಯ ಹತ್ತಿರ ದೊಡ್ಡ ಮರವೊಂದು ಬಿತ್ತು. ಆರು ಕಂಬಗಳ ನಡುವಿನ ಹಗ್ಗ ಹರಿದುಹೋಯಿತು. ಬುಧವಾರ ಪೂರ್ತಿ ಮೈಲಿ ಮರ ಕಡಿದ, ಕಂಬ ನೆಟ್ಟಗೆ ಮಾಡಿದ, ಹೊಸ ಹಗ್ಗ ಕಟ್ಟಿದ. ನಾಳೆ ಗುರುವಾರ, ಆಪರೇಟರ್ ಸಾರ್ ಬರ್ತಾರೆ, ಸಂಜೆಯೊಳಗೆ ಮುಗಿಸಬೇಕು ಎಂದುಕೊಂಡೇ ಮಾಡಿದ. ಅಷ್ಟರಮಟ್ಟಿಗೆ ಅವನ ಮನಸ್ಸು ಚಿನ್ನ. ಇದರಲ್ಲಿ ಮಾತ್ರ ಉತ್ಪ್ರೇಕ್ಷೆಯಿಲ್ಲ.

ಕೊನೆಗೆ ಉಳಿದದ್ದು ಮೆಟ್ಟಿಲ ತಲೆಯ ಕಂಬ. ಹಗ್ಗಕ್ಕೆ ಎದುರಾಗಿ ನಿಂತರೆ ಕಂಬದ ಎಡಕ್ಕೆ, ಅಂದರೆ ಮೆಟ್ಟಿಲಿನ ಈಚೆಗೆ, ಮೂರು ಗಂಟು ಬರಬೇಕು. ಇದು ಅವನ ಕೈಗೆ ಅಂಟಿದ ಪಾಠ: ಕಂಬದ ಎಡಕ್ಕೆ ಮೂರು. ಹಗ್ಗ ಕೈಗೆ ತೆಗೆದುಕೊಂಡಿದ್ದಷ್ಟೇ, ದೊಡ್ಡ ದಾರಿಯಿಂದ ಇಳಿದು ಬಂದ ಏಳೆಂಟು ಪ್ರವಾಸಿಗಳು ತೊರೆ ನೋಡಲು ಅಲ್ಲಿ ನಿಂತರು. "ಏನ್ ಮಾಡ್ತಿದ್ದೀರಿ?" ಎಂದು ಒಬ್ಬ ಕೇಳಿದ. ಮೈಲಿಗೆ ಇಷ್ಟು ಸಾಕಿತ್ತು. ಹಗ್ಗದ ಭಾಷೆ ವಿವರಿಸಿದ. ಮರ ಬೀಳುವಾಗ ತಾನು ಅದರ ಕೊಂಬೆಯ ಮೇಲೇ ಕೂತಿದ್ದು, ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ಇಳಿದು ಪಕ್ಕಕ್ಕೆ ನಿಂತದ್ದನ್ನು ಹೇಳಿದ. ಆಮೇಲೆ, "ಈ ಗಂಟು ಹಾಕೋಕೆ ನನಗೆ ಕಣ್ಣು ಬೇಕಿಲ್ಲ ಸ್ವಾಮಿ. ನೋಡ್ತಾ ಇರಿ" ಎಂದು ಹಗ್ಗಕ್ಕೆ ಬೆನ್ನು ತಿರುಗಿಸಿ, ಕೈಗಳೆರಡನ್ನೂ ಬೆನ್ನ ಹಿಂದೆ ಒಯ್ದು, ಕಂಬದ ಎಡಕ್ಕೆ ಒಂದು, ಎರಡು, ಮೂರು ಎಂದು ಹಾಕಿ ತೋರಿಸಿದ. ಜನ ಚಪ್ಪಾಳೆ ತಟ್ಟಿದರು. ಅವನು ತಲೆಬಾಗಿಸಿ ಟೋಪಿ ತೆಗೆದು ನಮಸ್ಕಾರ ಮಾಡಿದ.

ಬೆನ್ನು ತಿರುಗಿಸಿದವನಿಗೆ ಎಡ ಬಲವಾಗುತ್ತದೆ ಎನ್ನುವುದು ಮೂರು ವರ್ಷದ ಮಗುವಿಗೂ ಗೊತ್ತು.

ಹೊಸ ಹಗ್ಗ ಕಟ್ಟಿದ ಮೇಲೆ ಒಂದು ನಿಯಮವಿತ್ತು. ಕಟ್ಟಿದವನೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇಡೀ ದಾರಿಯನ್ನು ಒಂದು ಸುತ್ತು ನಡೆದು, ಟಿಕೆಟ್ ಕೋಣೆಯ ಪುಸ್ತಕದಲ್ಲಿ ಸಹಿ ಹಾಕಬೇಕು. ಆಮೇಲೆಯೇ ದಾರಿಗೆ ಅಡ್ಡ ಕಟ್ಟಿದ ಪಟ್ಟಿ ಬಿಚ್ಚಬೇಕು. ಅಂದು ಪ್ರವಾಸಿಗಳು ಅವನ ಜೊತೆಗೇ ಹೊರಟರು. ಅವರ ಜೊತೆ ಮಾತನಾಡುತ್ತ ಬಂದವನು, ಮಾತಿನ ಮಧ್ಯದಲ್ಲಿಯೇ ಪುಸ್ತಕ ಎಳೆದುಕೊಂಡು ಸಹಿ ಹಾಕಿದ, ಮಾತಿನ ಮಧ್ಯದಲ್ಲಿಯೇ ಪಟ್ಟಿ ಬಿಚ್ಚಿದ. ಇಪ್ಪತ್ತಾರು ವರ್ಷದ ಕಾಲುಗಳು. ಅವು ತುಳಿದ ದಾರಿಗೆ ಕಣ್ಣಿಗೆ ಬಟ್ಟೆ ಕಟ್ಟಿ ಪರೀಕ್ಷೆ ಎಂಥದ್ದು!

ಗುರುವಾರ ಹತ್ತೂವರೆಗೆ ಅವನು ಕೋಣೆಯ ಹಿಂದೆ ಗರಗಸಕ್ಕೆ ಎಣ್ಣೆ ಹಾಕುತ್ತಿದ್ದಾಗ ಕೂಗು ಕೇಳಿಸಿತು. ಜೋರಿನ ಕೂಗಲ್ಲ. "ಯಾರಾದ್ರೂ ಇದ್ದೀರಾ?" ಎಂದು ಮರ್ಯಾದೆಯಿಂದ ಕೇಳಿದ ಹಾಗಿತ್ತು.

ಆಪರೇಟರ್ ಸೇತುವೆಯ ಹಲಗೆಯ ಮೇಲೆ ಕೂತಿದ್ದರು. ಹಣೆಯಲ್ಲಿ ರಕ್ತ. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಅವರ ತಲೆಯ ಮೇಲೆ, ಮೆಟ್ಟಿಲ ತಲೆಯ ಕಂಬದ ಆಚೆ, ಮೂರು ಗಂಟುಗಳು ಹೊಸ ಹಗ್ಗದ ಮೇಲೆ ಬೆಳ್ಳಗೆ ಕೂತಿದ್ದವು. ಮೈಲಿ ಗಂಟು ನೋಡಿದ, ಕಂಬ ನೋಡಿದ. ಆಮೇಲೆ ಬಾಗಿ ಅವರ ಮುಂದೆ ಬೆನ್ನು ಕೊಟ್ಟ.

ಬೆನ್ನ ಮೇಲೆ ಹೊತ್ತುಕೊಂಡು ಬರುವಾಗ ಆಪರೇಟರ್ ಅವನ ಕಿವಿಯ ಹತ್ತಿರವೇ ಮಾತಾಡುತ್ತಿದ್ದರು. "ನಂದೇ ತಪ್ಪು ಮೈಲಿ. ಮರಕುಟಿಗ ಕುಟ್ತಾ ಇತ್ತು, ಅದನ್ನ ಕೇಳ್ತಾ ಎಣಿಕೆ ಬಿಟ್ಟೆ ಅಂತ ಕಾಣುತ್ತೆ. ಬೆಂಚಿಂದ ಇಪ್ಪತ್ತೆರಡನೇ ಕಂಬಕ್ಕೆ ಮೆಟ್ಟಿಲು. ಇಪ್ಪತ್ತೊಂದು ಎಣಿಸಿದ್ದೆ. ಆದ್ರೆ ಆಮೇಲೆ ಗಂಟೇ ಕೈಗೆ ಸಿಗಲಿಲ್ಲ. ಹಾಗಾದ್ರೆ ಇನ್ನೂ ಇಪ್ಪತ್ತೇ ಇರಬೇಕು, ನಾನೇ ಒಂದು ಜಾಸ್ತಿ ಎಣಿಸಿದೀನಿ ಅಂದ್ಕೊಂಡು ಮುಂದೆ ಹೋದೆ. ಹಗ್ಗ ಸುಳ್ಳು ಹೇಳಲ್ಲ ನೋಡಿ." ಆಮೇಲೆ, "ನಿಮಗೆ ಭಾರ ಆಯ್ತು" ಎಂದರು.

ಮೈಲಿ ಏನೂ ಹೇಳಲಿಲ್ಲ. ಏದುಸಿರು ಬಿಡುತ್ತಿದ್ದೇನೆ, ಹೇಗೆ ಹೇಳಲಿ ಎಂದುಕೊಂಡ. ಆಂಬುಲೆನ್ಸ್ ಹೋದ ಮೇಲೆ ಏದುಸಿರು ನಿಂತಿತು, ಆಗಲೂ ಹೇಳಲಿಲ್ಲ. ಸಂಜೆ ನಾಲ್ಕಕ್ಕೆ ಒಬ್ಬನೇ ತೊರೆಯ ಹತ್ತಿರ ಹೋಗಿ, ಆಚೆಯ ಮೂರು ಗಂಟು ಬಿಚ್ಚಿ, ಈಚೆಯ ಹಗ್ಗದಲ್ಲಿ ಮೂರು ಗಂಟು ಹಾಕಿ ಬಂದ. ನೋಡಲು ಯಾರೂ ಇರಲಿಲ್ಲ, ಚಪ್ಪಾಳೆಯೂ ಇರಲಿಲ್ಲ.

ಮರುದಿನ ಕಚೇರಿಯಿಂದ ಮೇಡಂ ಬಂದರು. ಇಡೀ ಅರಣ್ಯದ ದಾರಿಗಳೆಲ್ಲ ಅವರ ಕೈಕೆಳಗೆ. ಅಳತೆಪಟ್ಟಿ ಹಿಡಿದು ಮೆಟ್ಟಿಲು ಅಳೆದರು, ಗಂಟುಗಳನ್ನು ಮುಟ್ಟಿ ನೋಡಿದರು, ಪುಸ್ತಕದಲ್ಲಿ ಮೈಲಿಯ ಸಹಿ ನೋಡಿದರು. "ಎಲ್ಲಾ ಸರಿಯಾಗಿದೆ. ಪಾಪ, ವಯಸ್ಸಾಯ್ತು ಅವರಿಗೆ" ಎಂದರು. ಮೈಲಿಯ ಭುಜ ತಟ್ಟಿ, "ನೀವು ಇಲ್ದಿದ್ರೆ ಏನಾಗ್ತಿತ್ತೋ" ಎಂದರು. ಆ ಕೈ ಬಿದ್ದ ಜಾಗ ಮೂರು ದಿನ ಉರಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಊರೇ ಅವನ ಹೆಗಲು ತಟ್ಟುತ್ತಿತ್ತು.

ವಾರದೊಳಗೆ ಚೌಕಟ್ಟು ಹಾಕಿದ ಮೆಚ್ಚುಗೆಯ ಪತ್ರವೊಂದು ಬಂದು ಟಿಕೆಟ್ ಕೋಣೆಯ ಗೋಡೆಗೇರಿತು. ಬಂದವರೆಲ್ಲ ಅದನ್ನು ಓದಿ, ಕಥೆ ಹೇಳಿ ಎಂದರು. ಅವನು ಹೇಳಿದ. ಮೊದಲು ಎರಡು ಮೈಲಿ, ಆಮೇಲೆ ನಾಲ್ಕು, ಆಮೇಲೆ ಐದು ಮತ್ತು ಕರಡಿ. ಕಥೆ ದೊಡ್ಡದಾದಷ್ಟೂ ಅದರ ಮೂಲೆಯಲ್ಲಿ ಕೂತ ಸಣ್ಣ ಸಂಗತಿ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಅವನ ಲೆಕ್ಕ. ಆದರೆ ಗುಂಪಿನ ಹಿಂದಿದ್ದ ಆ ಹೆಂಗಸು, ಬಿದ್ದಿದ್ದು ಹೇಗೆ ಎಂದು ಕೇಳಿಬಿಟ್ಟಿದ್ದಳು.

ಅಂದಿನಿಂದ ಮೈಲಿಗಳು ಕರಗತೊಡಗಿದವು. ಶನಿವಾರದ ಬಸ್ಸಿಗೆ ಅವನು ಮೂರು ಮೈಲಿ ಎಂದ. ಭಾನುವಾರ ಕರಡಿ ದೂರದಲ್ಲಿ ಒಮ್ಮೆ ಕಾಣಿಸಿ ಮರೆಯಾಯಿತು. ಮಂಗಳವಾರ ಕರಡಿ ಇರಲೇ ಇಲ್ಲ, ಮಳೆಯೂ ನಿಂತಿತ್ತು. ಬುಧವಾರ ಬೆಳಿಗ್ಗೆ ಅಡಿಗೆಮನೆಯಲ್ಲಿ ಚಹಾ ಸೋಸುತ್ತ ಹೆಂಡತಿ ಕೇಳಿದಳು:

"ಮೈಗೆ ಹುಷಾರಿಲ್ವಾ?"

"ಯಾಕೆ?"

"ನಿನ್ನೆ ಒಂದು ಮೈಲಿ ಅಂದ್ರಿ. ಮದುವೆ ಆದಾಗಿಂದ ನಿಮ್ಮ ಬಾಯಲ್ಲಿ ಅಷ್ಟು ಸಣ್ಣ ಸಂಖ್ಯೆ ಕೇಳೇ ಇಲ್ಲ. ಡಾಕ್ಟರ ಹತ್ರ ಹೋಗೋಣ್ವಾ?"

ಅವನು ನಗಲಿಲ್ಲ. ಖಾಲಿ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತ.

"ಅವತ್ತು ಸಂಜೆ ಮತ್ತೆ ಯಾಕೆ ತೊರೆ ಹತ್ರ ಹೋಗಿದ್ರಿ?"

"ಟೋಪಿ ಬಿದ್ದಿತ್ತು ಕಣೇ. ತರೋಕೆ ಹೋದೆ."

"ಹೋಗುವಾಗ ಟೋಪಿ ತಲೆ ಮೇಲೇ ಇತ್ತು" ಎಂದಳು ಅವಳು. ಅವನ ಲೋಟಕ್ಕೆ ಚಹಾ ಬಗ್ಗಿಸಿ, ತನ್ನ ಲೋಟ ತೆಗೆದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಅದೇ ದಿನ ಮಧ್ಯಾಹ್ನ ಕಚೇರಿಯ ಜೀಪಿನಲ್ಲಿ ಒಂದು ಹಲಗೆ ಬಂತು. ಹಸಿರು ಬಣ್ಣ, ಬಿಳಿ ಅಕ್ಷರ. "ದೃಷ್ಟಿ ಇಲ್ಲದವರು ಜೊತೆಗಾರರಿಲ್ಲದೆ ಈ ದಾರಿಯಲ್ಲಿ ಹೋಗುವಂತಿಲ್ಲ." ಜೊತೆಗೆ ಮೇಡಂ ಬರೆದ ಚೀಟಿ: ನಾಳೆ ಗುರುವಾರ ಹನ್ನೊಂದಕ್ಕೆ ತಾವೇ ಬರುವುದಾಗಿಯೂ, ಅಷ್ಟರೊಳಗೆ ಮೊದಲ ಕಂಬಕ್ಕೆ ಇದನ್ನು ಹೊಡೆದಿರಬೇಕೆಂದೂ. ಮೈಲಿ ಹಲಗೆಯನ್ನು ಎರಡು ಬಾರಿ ಓದಿದ. ಸುತ್ತಿಗೆ ಹುಡುಕಲು ಹೋದ. ಸುತ್ತಿಗೆ ಕಣ್ಣೆದುರೇ ಗೂಟಕ್ಕೆ ತೂಗುತ್ತಿತ್ತು. ಆದರೂ ಸಂಜೆಯವರೆಗೆ ಹುಡುಕಿದ.

ಗುರುವಾರ ಹತ್ತು ಗಂಟೆಯ ಬಸ್ಸಿನಿಂದ ಆಪರೇಟರ್ ಇಳಿದರು. ಅವರ ತೋಳನ್ನು ಅವರ ತಂಗಿ ಹಿಡಿದಿದ್ದರು. ಬಿದ್ದ ಮೇಲೆ ಬಂದದ್ದು ಇದೇ ಮೊದಲು. ಬಲಗೈಗೆ ಪ್ಲಾಸ್ಟರು. ಮೂರು ವಾರದಲ್ಲಿ ಮನುಷ್ಯ ಮೂರು ವರ್ಷ ಮುದುಕರಾಗಿದ್ದರು. ಈ ಲೆಕ್ಕದಲ್ಲಿ ಮೈಲಿ ಏನನ್ನೂ ಸೇರಿಸಲಿಲ್ಲ.

"ಮೈಲಿ ಇದ್ದಾರಾ?"

"ಇದ್ದೀನಿ ಸಾರ್."

"ನೀವು ಸ್ವಲ್ಪ ಹೇಳಿ ಇವರಿಗೆ" ಎಂದರು ತಂಗಿ. "ಮನೇಲಿ ಒಲೆ ಹತ್ತಿರಾನೂ ಹೋಗಲ್ಲ ಈಗ. ಗ್ಯಾಸಿನ ನಾಬನ್ನ ಎಷ್ಟು ಸಲ ತಿರುಗಿಸಿದೆ ಅಂತ ಮರೆತುಬಿಡ್ತೀನಿ ಅಂತಾರೆ. ಔಷಧಿ ಮಾತ್ರೆ ನನ್ನ ಕೈಲೇ ಎಣಿಸಿಸ್ತಾರೆ. ಈಗ ನೋಡಿದ್ರೆ ಕಾಡಿಗೆ ಹೋಗ್ಲೇಬೇಕು ಅಂತ ಹಟ."

"ಕೊನೇ ಸಲ ಅಂದಿದೀನಲ್ಲ" ಎಂದರು ಆಪರೇಟರ್. "ಇನ್ನು ಮುಂದೆ ಒಬ್ಬರನ್ನೇ ಬಿಡಲ್ವಂತೆ, ಕಚೇರಿಯಿಂದ ಕಾಗದ ಬಂತು. ಸರಿಯೇ. ಎಣಿಕೆ ತಪ್ಪೋ ಮನುಷ್ಯನ್ನ ಹೇಗೆ ಬಿಡ್ತಾರೆ? ಮೈಲಿ, ನೀವೇ ಜೊತೆಗೆ ಬನ್ನಿ. ನಿಮ್ಮ ತೋಳು ಹಿಡ್ಕೋತೀನಿ."

ತಂಗಿ ಟಿಕೆಟ್ ಕೋಣೆಯ ಮುಂದಿನ ಬೆಂಚಿನ ಮೇಲೆ ಕೂತರು. ಮೈಲಿ ತೋಳು ಕೊಟ್ಟ. ಮೊದಲ ಕಂಬದ ಹತ್ತಿರ ಬಂದಾಗ ಆಪರೇಟರ್ "ಹಲೋ" ಎನ್ನಲಿಲ್ಲ. ಎಡಗೈಯನ್ನು ಹಗ್ಗದ ಮೇಲೆ ಇಟ್ಟರು. ಪ್ಲಾಸ್ಟರಿನ ಕೈಯ ಬೆರಳುಗಳಿಂದ ಮೈಲಿಯ ತೋಳನ್ನು ಹಿಡಿದುಕೊಂಡರು. ಆ ಬೆರಳುಗಳಿಗೆ ಹಿಡಿಯಲು ಶಕ್ತಿಯಿರಲಿಲ್ಲ, ಸುಮ್ಮನೆ ತಾಗಿಕೊಂಡಿದ್ದವು. ಮೈಲಿಗೆ ಐದು ಮೈಲಿ ಹೊತ್ತಿದ್ದರೂ ಅಷ್ಟು ಭಾರ ಅನ್ನಿಸುತ್ತಿರಲಿಲ್ಲ.

ಬೆಂಚಿನ ಒಂಟಿ ಗಂಟು ಬಂತು. ಅಲ್ಲಿಂದ ಆಪರೇಟರ್ ಬಾಯಲ್ಲೇ ಎಣಿಸತೊಡಗಿದರು. ಹತ್ತರ ನಂತರ ನಿಂತು, "ಹತ್ತು ತಾನೇ?" ಎಂದು ಕೇಳಿದರು.

"ಹತ್ತೇ ಸಾರ್."

ಹದಿನೈದಕ್ಕೆ ಮತ್ತೆ ಕೇಳಿದರು. ಹದಿನೆಂಟಕ್ಕೆ ಮತ್ತೆ. ನಾಲ್ಕು ಸಾವಿರ ನಂಬರು ತಲೆಯಲ್ಲಿದ್ದ ಮನುಷ್ಯ, ಹದಿನೆಂಟು ಹೌದೋ ಅಲ್ಲವೋ ಎಂದು ಕೇಳುತ್ತಿದ್ದರು. ಮೈಲಿ ಪ್ರತಿ ಸಲವೂ ಹೌದು ಎಂದ. ದೂರದಲ್ಲೆಲ್ಲೋ ಮರಕುಟಿಗ ಕುಟ್ಟಿತು. ಆಪರೇಟರ್ ಬೆಚ್ಚಿ ಎಣಿಕೆಯನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದರು.

ಇಪ್ಪತ್ತೊಂದು. ಅವರ ಕೈ ಮುಂದಿನ ಹಗ್ಗದ ಮೇಲೆ ಹೋಯಿತು. ಹೋದದ್ದೇ ನಿಂತಿತು.

"ಇದೇನು, ಹಗ್ಗ ಇಷ್ಟು ಬಿಗಿ?"

"ಹೊಸ ಹಗ್ಗ ಸಾರ್."

"ಹಿಂದಿನದೂ ಹೊಸದೇ. ಅದರ ಹಿಂದಿನದೂ. ಅವೆಲ್ಲ ಮೆತ್ತಗಿವೆ. ಇದು ತಂತಿ ಎಳೆದ ಹಾಗಿದೆ." ಬೆರಳುಗಳು ಮುಂದೆ ಸರಿದು ಗಂಟುಗಳನ್ನು ಮುಟ್ಟಿದವು: ಒಂದು, ಎರಡು, ಮೂರು. ಪ್ರತಿಯೊಂದನ್ನೂ ಹೆಬ್ಬೆರಳಿನಿಂದ ಸವರಿದರು. "ಗಂಟು ಹಗ್ಗ ತಿನ್ನುತ್ತೆ. ಮೂರು ಗಂಟಿಗೆ ಒಂದೂವರೆ ಗೇಣು. ಮೊದಲೇ ಗಂಟು ಹಾಕಿ ಆಮೇಲೆ ಅಳೆದು ಕಟ್ಟಿದ್ರೆ ಇಷ್ಟು ಬಿಗಿ ಬರಲ್ಲ. ಅಳೆದು ಕಟ್ಟಿದ್ದನ್ನ ಬಿಚ್ಚಿ, ಆಮೇಲೆ ಗಂಟು ಹಾಕಿ, ಎಳೆದು ಸಿಕ್ಕಿಸಿದ್ದಾರೆ."

ಆಪರೇಟರ್ ಅವನ ತೋಳು ಬಿಟ್ಟರು. ಕಂಬ ಹಿಡಿದು, ಪಾದದಿಂದ ಮೆಟ್ಟಿಲಿನ ಅಂಚನ್ನು ಹುಡುಕಿ, ನಿಂತಲ್ಲಿಂದಲೇ ಕೈಚಾಚಿ ಆಚೆಯ ಹಗ್ಗವನ್ನು ಮುಟ್ಟಿದರು. ಅದು ಜೋಲುಬಿದ್ದಿತ್ತು. ಅದನ್ನು ಬೆರಳುಗಳ ನಡುವೆ ಸ್ವಲ್ಪಸ್ವಲ್ಪವೇ ಎಳೆದುಕೊಂಡರು. ಒಂದು ಕಡೆ ಹಗ್ಗದ ಎಳೆಗಳು ಸೊಟ್ಟಗೆ ತಿರುಚಿಕೊಂಡಿದ್ದವು, ಸ್ವಲ್ಪ ಮುಂದೆ ಇನ್ನೊಂದು ಕಡೆ, ಅದರ ಮುಂದೆ ಮತ್ತೊಂದು ಕಡೆ. ಬಿಚ್ಚಿದ ಗಂಟಿನ ಗುರುತು ಹಗ್ಗದಿಂದ ಬೇಗ ಹೋಗುವುದಿಲ್ಲ.

ಮೂರನೆಯ ಗುರುತಿನ ಮೇಲೆ ಅವರ ಹೆಬ್ಬೆರಳು ನಿಂತಿತು.

"ಅವತ್ತು ಇವು ಇಲ್ಲಿದ್ವು" ಎಂದರು ಆಪರೇಟರ್.

ಮೈಲಿಯ ನಾಲಿಗೆಗೆ ಹಳೆಯ ಅಭ್ಯಾಸ. "ಅದು... ಅಳಿಲುಗಳು ಸಾರ್, ಈ ಕಾಡಿನ ಅಳಿಲು ಅಂದ್ರೆ ನೀವು ನಂಬಲ್ಲ, ಗಂಟು..." ಎಂದು ಶುರುಮಾಡಿದ. ಅಳಿಲು ಅರ್ಧದಾರಿಯಲ್ಲೇ ಸತ್ತುಹೋಯಿತು.

"ನಾನು ಇಪ್ಪತ್ತೊಂದು ಎಣಿಸಿದ್ದೆ. ಸರಿ ಇತ್ತಾ?"

"ಸರಿ ಇತ್ತು ಸಾರ್."

"ಮರಕುಟಿಗ ಕೇಳ್ತಾ ಇದ್ರೂ ಸರಿ ಇತ್ತಾ?"

"ಸರಿ ಇತ್ತು. ನಿಮ್ಮ ಎಣಿಕೆ ಸರಿ ಇತ್ತು. ನನ್ನ ಗಂಟು ತಪ್ಪಿತ್ತು."

ಆಪರೇಟರ್ ಹಗ್ಗ ಬಿಟ್ಟು, ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿ ಹಿಡಿದುಕೊಂಡರು. "ಮೂರು ವಾರ, ಮೈಲಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಮೈಲಿ ಅದಕ್ಕೆ ತಲೆ ಕೊಡುತ್ತಿದ್ದ. "ಮೂರು ವಾರ ನಾನು ಒಂದು ಲೋಟ ನೀರು ಕಾಯಿಸಿಲ್ಲ. ನನ್ನ ಬೆರಳನ್ನೇ ನಂಬಲಿಲ್ಲ. ನಿಮ್ಮ ಹಗ್ಗ ನಂಬಿದೆ."

"ಸಾರ್..."

"ನೀವು ವಾಪಸ್ ಹೋಗಿ."

"ಮೆಟ್ಟಿಲು..."

"ಮೂರು. ಗೊತ್ತು ನನಗೆ." ಕೈಯನ್ನು ಮತ್ತೆ ಹಗ್ಗದ ಮೇಲಿಟ್ಟು ಅವರು ಒಂದೊಂದೇ ಇಳಿದರು. ಸೇತುವೆಯ ಹಲಗೆ ಸದ್ದು ಮಾಡಿತು. ಆಚೆ ದಡದ ತಿರುವಿನಲ್ಲಿ ಅವರ ಬೂದು ಕೋಟು ಮರಗಳ ನಡುವೆ ಮರೆಯಾಗುವವರೆಗೂ ಮೈಲಿ ನೋಡಿದ. ತಿರುಗುವಾಗ ಅವರ ಬಾಯಿ ಅಲುಗುವುದು ಕಂಡಿತು. ಎಣಿಸುತ್ತಿದ್ದರು, ಯಾರನ್ನೂ ಕೇಳದೆ.

ಮೈಲಿ ಬಂದ ದಾರಿಯಲ್ಲೇ ಹಿಂತಿರುಗಿದ. ಏಕೋ ಹೆಜ್ಜೆ ಎಣಿಸಬೇಕು ಅನ್ನಿಸಿತು. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ ಎಣಿಸಿದ. ಟಿಕೆಟ್ ಕೋಣೆ ಮುಟ್ಟುವಾಗ ಐನೂರ ಹನ್ನೆರಡು.

ಕೋಣೆಯ ಮುಂದೆ ಹನ್ನೊಂದರ ಬಸ್ಸು ನಿಂತಿತ್ತು. ಜನ ಚೌಕಟ್ಟಿನ ಪತ್ರ ಓದಿ ಮುಗಿಸಿದ್ದರು. ಮೇಡಂ ಗೋಡೆಗೊರಗಿಸಿದ್ದ ಹಸಿರು ಹಲಗೆಯ ಪಕ್ಕ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು. ತಂಗಿ ಎದ್ದು ನಿಂತರು. "ಅಣ್ಣ ಎಲ್ಲಿ?"

"ಬರ್ತಾರೆ. ಒಬ್ಬರೇ ಬರ್ತಾರೆ."

"ಒಬ್ಬರನ್ನೇ ಬಿಟ್ರಾ?" ಎಂದರು ಮೇಡಂ. "ಹಲಗೆ ಇನ್ನೂ ಹೊಡೆದಿಲ್ಲ. ಏನಾಗಿದೆ ಮೈಲಿ ನಿಮಗೆ?"

ಅವರ ಮಾತು ಮುಗಿಯುವ ಮೊದಲೇ ಬಸ್ಸಿನವನೊಬ್ಬ ಕೂಗಿದ: "ಇವರೇ ತಾನೇ ಐದು ಮೈಲಿ ಹೊತ್ಕೊಂಡು ಬಂದವರು? ಕಥೆ ಹೇಳಿ ಯಜಮಾನ್ರೇ!"

ಮೂವತ್ತು ಮುಖಗಳು ಅವನತ್ತ ತಿರುಗಿದವು. ಮೈಲಿ ಟೋಪಿ ತೆಗೆದ.

"ಐನೂರ ಹನ್ನೆರಡು ಹೆಜ್ಜೆ" ಎಂದ.

ಜನ ನಕ್ಕರು. ಚೆನ್ನಾಗಿ ಶುರುಮಾಡಿದ ಎಂದುಕೊಂಡರು.

"ಮಳೆ ಇರಲಿಲ್ಲ. ಕರಡಿ ಇರಲಿಲ್ಲ. ನಾನು ಈ ಕಾಡಲ್ಲಿ ಕರಡೀನ ಇವತ್ತಿನವರೆಗೂ ನೋಡಿಲ್ಲ."

ಇನ್ನೂ ಜೋರಾಗಿ ನಕ್ಕರು. ಒಬ್ಬ ಪಕ್ಕದವನಿಗೆ ಮೊಣಕೈಯಿಂದ ತಿವಿದ.

"ಹಗ್ಗಕ್ಕೆ ಬೆನ್ನು ಹಾಕಿ ಗಂಟು ಹಾಕಿದೆ. ಜನ ಚಪ್ಪಾಳೆ ತಟ್ಲಿ ಅಂತ. ಮೆಟ್ಟಿಲ ಈಚೆಗೆ ಬರಬೇಕಾಗಿದ್ದ ಗಂಟು ಆಚೆಗೆ ಹೋಯ್ತು. ಕಣ್ಣಿಗೆ ಬಟ್ಟೆ ಕಟ್ಕೊಂಡು ನಡೀಲಿಲ್ಲ. ನಡೆದೆ ಅಂತ ಸಹಿ ಹಾಕಿದೆ. ಅವರು ಬಿದ್ರು. ಸಂಜೆ ಹೋಗಿ ಗಂಟು ಬದಲಾಯಿಸಿದೆ. ಅವರ ಎಣಿಕೆ ಒಂದೂ ತಪ್ಪಿರಲಿಲ್ಲ."

ನಗು ಅಲ್ಲಲ್ಲಿ ಉಳಿದು, ಒಂದೊಂದಾಗಿ ಆರಿತು. ಇದು ಯಾವ ಬಗೆಯ ತಮಾಷೆ ಎಂದು ತಿಳಿಯದೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಂಗಿ ಮೆಲ್ಲನೆ ಬೆಂಚಿನ ಮೇಲೆ ಕೂತರು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಮೇಡಂ ಕಿಟಕಿಯತ್ತ ಕೈ ಚಾಚಿದರು. ಮೈಲಿಯ ಹೆಂಡತಿ ಸಹಿಯ ಪುಸ್ತಕವನ್ನು ತೆಗೆದು ಕೊಟ್ಟಳು. ಕೊಟ್ಟವಳು ಕಿಟಕಿ ಮುಚ್ಚಿ, ಹೊರಗೆ ಬಂದು, ಗಂಡನ ಪಕ್ಕದಲ್ಲಿ ನಿಂತಳು. ಹತ್ತಿರ ಅಲ್ಲ, ಒಂದು ಕೈಯಳತೆ ದೂರ.

"ಇದನ್ನ ಬರೆದು ಕೊಡ್ತೀರಾ?" ಎಂದು ಮೇಡಂ ಕೇಳಿದರು.

"ಕೊಡ್ತೀನಿ ಮೇಡಂ."

"ಏನಾಗುತ್ತೆ ಅಂತ ಗೊತ್ತಲ್ಲ?"

"ಗೊತ್ತು."

ಮೇಡಂ ಪುಸ್ತಕದಲ್ಲಿದ್ದ ಅವನ ಸಹಿಯ ಮೇಲೆ ಬೆರಳಿಟ್ಟುಕೊಂಡು ನಿಂತರು. ಹಲಗೆ ಗೋಡೆಗೊರಗಿದ್ದಂತೆಯೇ ಇತ್ತು.

ಅಷ್ಟರಲ್ಲಿ ಹೆಂಡತಿ ಅವನ ಮೊಣಕೈ ಮುಟ್ಟಿದಳು. ಕೋಣೆಯ ಬಲಕ್ಕೆ, ಹಗ್ಗದ ದಾರಿ ಕಾಡಿನಿಂದ ಹೊರಗೆ ಬರುವಲ್ಲಿ, ಕೊನೆಯ ಕಂಬದ ಹಗ್ಗ ಅಲುಗುತ್ತಿತ್ತು. ಗಾಳಿ ಇರಲಿಲ್ಲ. ಮರಗಳ ಕತ್ತಲೆಯಲ್ಲಿ ಇನ್ನೂ ಯಾರೂ ಕಾಣಿಸುತ್ತಿರಲಿಲ್ಲ. ಹಗ್ಗ ಮಾತ್ರ ಸಣ್ಣಗೆ, ಒಂದೇ ಸಮನೆ ಅಲುಗುತ್ತಿತ್ತು.